ಮೇಜು ಕುಟ್ಟುವ ಶಾಲೆ

ನಾನೂ ಹೆವಿನ್ನೂ ಶಾಲೆಯ ಊಟದ ಹಾಲಿನಲ್ಲಿ ಎದುರುಬದುರು ಕೂತು ಸೂಪಿನ ಚಮಚಗಳನ್ನು ಸಿದ್ಧಮಾಡುತ್ತಿದ್ದೆವು. ಅವಳು ಒರೆಸಿ ಕೊಟ್ಟದ್ದನ್ನು ನಾನು ಕಾಗದದ ಕರವಸ್ತ್ರದಲ್ಲಿ ಸುತ್ತಿ ಬುಟ್ಟಿಗೆ ಹಾಕುತ್ತಿದ್ದೆ. ಕೈತುಂಬ ಕೆಲಸವಿದ್ದಾಗ ನಮ್ಮಿಬ್ಬರ ನಡುವೆ ಮಾತು ನಿಂತುಬಿಡುತ್ತದೆ. ಹೆವಿನ್‌ಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸುವುದಿಲ್ಲ. ನಾವು ಮಾತಾಡುವುದೇ ಕೈಯಲ್ಲಿ.

"ಏನು ಗಲಾಟೆ ಕಣ್ರೇ ನಿಮ್ದು," ಅಡುಗೆಮನೆಯಿಂದ ಹಾಟಿಜೆ ಅಕ್ಕ ಕೂಗಿದಳು. "ಸ್ವಲ್ಪ ಮೆತ್ತಗೆ ಮಾತಾಡಿ. ನನ್ನ ಬಟಾಣಿ ಹೆದರ್ಕೊಳ್ತಾವೆ."

ನಾನು ನಕ್ಕೆ. ಯಾಕೆ ನಕ್ಕೆ ಎಂದು ಹೆವಿನ್ ಹುಬ್ಬಿನಲ್ಲೇ ಕೇಳಿದಳು. ಚಮಚ ಕೆಳಗಿಟ್ಟು ಅವಳಿಗೆ ಅದನ್ನು ಹೇಳಿದೆ. ಅವಳು ಅಡುಗೆಮನೆಯ ಕಡೆ ತಿರುಗಿ ನಾಲಗೆ ಚಾಚಿದಳು.

ಹಾಟಿಜೆ ಅಕ್ಕನ ಅಪ್ಪ ಟರ್ಕಿಯಿಂದ ಬಂದು ಇಲ್ಲಿನ ಕಲ್ಲಿದ್ದಲ ಗಣಿಗೆ ಇಳಿದವನು. ನನ್ನ ಮುತ್ತಜ್ಜ ಪೋಲೆಂಡಿನಿಂದ ಬಂದು ಇಳಿದವನು. ಜರ್ಮನಿಯ ರೂರ್ ಸೀಮೆಯ ನಮ್ಮ ಊರಿನಲ್ಲಿ ಯಾರ ಮನೆಯಲ್ಲಿ ಕೆದಕಿದರೂ ಗಣಿಗೆ ಇಳಿದವನೊಬ್ಬ ಸಿಗುತ್ತಾನೆ. ಅವರ ಮಕ್ಕಳಿಗೆಂದೇ ಈ ಶಾಲೆ ಕಟ್ಟಿದ್ದು. ಈಗ ಗಣಿ ಮುಚ್ಚಿದೆ, ಶಾಲೆ ಇದೆ. ಮಾರನೆಯ ದಿನ ಅದಕ್ಕೆ ನೂರು ತುಂಬುತ್ತಿತ್ತು. ಸಮಾರಂಭದಲ್ಲಿ ಹೆವಿನ್ ಮಾತಾಡುವವಳಿದ್ದಳು.

ನಾನು ಇಲ್ಲಿ ಒಂಬತ್ತನೆಯ ತರಗತಿಯವರೆಗೆ ಓದಿದೆ. ನಮ್ಮಲ್ಲಿ ಅರ್ಧ ಅಂಕ ಬರೆದದ್ದಕ್ಕೆ, ಇನ್ನರ್ಧ ತರಗತಿಯಲ್ಲಿ ಕೈಯೆತ್ತಿ ಮಾತಾಡಿದ್ದಕ್ಕೆ. ಉತ್ತರ ಗೊತ್ತಿದ್ದರೂ ನನ್ನ ಕೈ ಮೇಲೇಳುತ್ತಿರಲಿಲ್ಲ. ಆಮೇಲೆ ಅಮ್ಮನ ಬೆನ್ನು ಕೈಕೊಟ್ಟಿತು, ಮನೆ ನೋಡಿಕೊಳ್ಳಬೇಕಾಯಿತು, ಓದು ಬಿಟ್ಟೆ. ಒಂದು ದಿನ ಬಸ್ ನಿಲ್ದಾಣದಲ್ಲಿ ನನ್ನ ಹಳೆಯ ಟೀಚರು ಫ್ರಾವ್ ಲಾಮರ್ಸ್ ಸಿಕ್ಕಿದರು. "ಸ್ವೆನ್ಯಾ, ನಮ್ಮ ಅಡುಗೆಮನೆಗೆ ಜನ ಬೇಕು. ನಾಳೆಯಿಂದ ಬರ್ತೀಯಾ?" ಎಂದರು. ಯಾಕೆ ಬಿಟ್ಟೆ, ಏನು ಮಾಡಿಕೊಂಡಿದ್ದೀಯೆ ಎಂದು ಒಂದು ಮಾತೂ ಕೇಳಲಿಲ್ಲ. ಹಾಗೆ ಕೇಳದೆ ಬಿಟ್ಟದ್ದಕ್ಕೆ ನಾನು ಇವತ್ತಿಗೂ ಅವರಿಗೆ ಋಣಿ.

ಊಟ ಬಡಿಸುವ ಕಿಟಕಿಯಲ್ಲೇ ನನಗೆ ಹೆವಿನ್ ಸಿಕ್ಕಿದ್ದು. ಬ್ರೆಡ್, ಇನ್ನೂ ಸ್ವಲ್ಪ, ಸಾಕು, ಇದು ಚೆನ್ನಾಗಿಲ್ಲ. ಸಾಲು ಮುಂದೆ ಸರಿಯುವಷ್ಟರಲ್ಲಿ ಅವಳು ದಿನಕ್ಕೊಂದು ಸನ್ನೆ ಕಲಿಸಿದಳು. ಬಾಯಲ್ಲಿ ಹೇಳಲಾಗದ ಎಷ್ಟೋ ಸಂಗತಿ ನನ್ನ ಕೈಗೆ ಸಲೀಸಾಗಿ ಬಂತು. ಕೈಯಲ್ಲಿ ಮಾತಾಡುವಾಗ ನನಗೆ ಸಂಕೋಚವೇ ಇಲ್ಲ ಎಂಬುದನ್ನು ನಾನು ಇಪ್ಪತ್ತರ ವಯಸ್ಸಿನಲ್ಲಿ ಹದಿನೈದರ ಹುಡುಗಿಯಿಂದ ತಿಳಿದುಕೊಂಡೆ.

ಚಮಚ ಮುಗಿದ ಮೇಲೆ ಫ್ರಾವ್ ಲಾಮರ್ಸ್ ಒಂದು ಡಬ್ಬಿ ಹಿಡಿದು ಬಂದರು. ಒಳಗೆ ಪ್ಲಾಸ್ಟಿಕ್ ಹೊದಿಸಿದ ಚೀಟಿಗಳು. ಪ್ರತಿಯೊಂದರ ಮೇಲೂ ಮೇಲೆತ್ತಿದ ಎರಡು ಕೈಗಳ ಚಿತ್ರ, ಕೆಳಗೆ ದಪ್ಪ ಅಕ್ಷರ: "ದಯವಿಟ್ಟು ಮೇಜು ಕುಟ್ಟಬೇಡಿ. ನಮ್ಮ ಹೆವಿನ್‌ಗಾಗಿ ಕೈ ಬೀಸಿ."

"ಪ್ರತಿ ಕುರ್ಚಿ ಮುಂದೆ ಒಂದು ಇಡಮ್ಮ," ಎಂದರು. "ಐದನೇ ಕ್ಲಾಸಿನ ಪುಟಾಣಿಗಳಿಗೂ ಕಲಿಸಿದ್ದೀನಿ. ಎಷ್ಟು ಚೆನ್ನಾಗಿ ಬೀಸ್ತಾವೆ ಗೊತ್ತಾ."

ಅವರ ಕಣ್ಣ ಕೆಳಗೆ ಕಪ್ಪಾಗಿತ್ತು. ಎಷ್ಟೋ ದಿನದಿಂದ ಬಿಡುವಿನ ವೇಳೆಯಲ್ಲೆಲ್ಲ ತರಗತಿಯಿಂದ ತರಗತಿಗೆ ಓಡಾಡಿ ಕಲಿಸುತ್ತಿದ್ದರು. ಹೆವಿನ್ ಜೊತೆ ಸದಾ ಒಬ್ಬ ದುಭಾಷಿ ಇರಬೇಕೆಂದು ಕಚೇರಿ ಕಚೇರಿ ಅಲೆದವರೂ ಅವರೇ. ಹೆವಿನ್ ನಕ್ಕು ಗಲ್ಲದಿಂದ ಕೈ ಮುಂದಕ್ಕೆ ತಂದಳು. ಥ್ಯಾಂಕ್ಸ್. ಫ್ರಾವ್ ಲಾಮರ್ಸ್ ಅವಳ ಭುಜ ಒತ್ತಿ ಹೊರಟುಹೋದರು.

ಅವರು ಹೋದ ಮೇಲೆ ಹೆವಿನ್ ನಗು ಹಾಗೇ ಇಳಿಯಿತು. ಅವಳು ಒಂದು ಚೀಟಿ ಎತ್ತಿಕೊಂಡು ಓದಿದಳು. ಬೋರಲು ಹಾಕಿದಳು.

"ಯಾಕೆ?" ನಾನು ಕೈಯಲ್ಲಿ ಕೇಳಿದೆ. "ನಿಮ್ಮ ಕಿವುಡರ ಕ್ಲಬ್ಬಲ್ಲಿ ಚಪ್ಪಾಳೆ ಬದಲು ಹೀಗೇ ಬೀಸ್ತೀರಲ್ಲ?"

"ಬೀಸ್ತೀವಿ. ಅಲ್ಲಿ ಚೆಂದ. ಇಲ್ಲಿ ಮೇಜು ಇದೆ."

ಮೇಜಿನ ವಿಷಯ ಹೇಳಬೇಕು. ನಮ್ಮ ಶಾಲೆಯಲ್ಲಿ ಚಪ್ಪಾಳೆ ಇಲ್ಲ. ಹಿಂದೆ ಗಣಿಯಲ್ಲಿ ಪಾಳಿ ಮುಗಿಸಿ ಬಂದ ಅಪ್ಪಂದಿರು ಮಸಿಗೈಯಲ್ಲೇ ಶಾಲೆಯ ಸಮಾರಂಭಕ್ಕೆ ಬಂದು ಕೂರುತ್ತಿದ್ದರಂತೆ. ಚಪ್ಪಾಳೆ ಹೊಡೆದರೆ ಪಕ್ಕದವರ ಬಟ್ಟೆಗೆ ಪುಡಿ ಹಾರುತ್ತದೆಂದು ಬೆರಳ ಗೆಣ್ಣಿನಿಂದ ಮೇಜು ಕುಟ್ಟುತ್ತಿದ್ದರಂತೆ. ಆ ಅಭ್ಯಾಸ ಹೋಗಲಿಲ್ಲ. ಮೇಜುಗಳೂ ಗಣಿಯ ಬಡಗಿಗಳು ಓಕ್ ಮರದಲ್ಲಿ ಮಾಡಿಕೊಟ್ಟವು, ಒಂದಕ್ಕೊಂದು ಕೊಂಡಿ ಹಾಕಿ ಹಾಲಿನ ಈ ತುದಿಯಿಂದ ಆ ತುದಿಗೆ ಸೇರಿಸಿದವು. ಹೊಸ ಮಕ್ಕಳು ಬಂದಾಗ, ಹಳಬರು ಹೊರಟಾಗ, ಯಾರಾದರೂ ಸೋತು ಬಂದಾಗಲೂ ಎಲ್ಲರೂ ಕುಟ್ಟುತ್ತಾರೆ.

"ಐದನೇ ಕ್ಲಾಸಿಗೆ ಬಂದ ಮೊದಲ್ನೇ ದಿನ," ಹೆವಿನ್ ಕೈಗಳು ಹೇಳಿದವು, "ನಾವು ಸಿರಿಯಾದಿಂದ ಬಂದು ಜಾಸ್ತಿ ದಿನ ಆಗಿರ್ಲಿಲ್ಲ. ನಂಗೇನೂ ಗೊತ್ತಿರ್ಲಿಲ್ಲ. ಸುಮ್ನೆ ಮೇಜಿನ ಮೇಲೆ ಕೈ ಇಟ್ಟು ಕೂತಿದ್ದೆ. ಆ ತುದಿಯಿಂದ ಏನೋ ಬಂತು. ಮರದೊಳಗೇ ಓಡಿ ಬಂತು. ಮೊಣಕೈವರೆಗೂ ಹತ್ತಿತು. ಎಲ್ಲ ಮಕ್ಕಳಿಗೂ ಬಂದಿದ್ದೇ ನಂಗೂ ಬಂತು." ಅವಳು ಬೋರಲು ಬಿದ್ದಿದ್ದ ಚೀಟಿ ತೋರಿಸಿದಳು. "ಕೈ ಬೀಸೋದು ನಂಗೋಸ್ಕರ ಮಾಡೋದು. ಮೇಜು ಕುಟ್ಟೋದು ಎಲ್ಲರಿಗೂ ಮಾಡೋದು. ನಂಗೆ ಎಲ್ಲರಿಗೂ ಮಾಡೋದು ಬೇಕು."

"ಹಾಗಂತ ಟೀಚರಿಗೆ ಹೇಳು."

"ಹೇಗೆ ಹೇಳ್ಲಿ? ನನಗೋಸ್ಕರ ಇಷ್ಟೆಲ್ಲ ಮಾಡಿದ್ದಾರೆ. ನೀನಾದ್ರೆ ಹೇಳ್ತಿದ್ದೆಯಾ?"

ಇಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಉಪಕಾರ ಪಡೆದವರ ಬಾಯಿ ಒಂದು ಥರ ಕಟ್ಟಿಹೋಗುತ್ತದೆ.

"ನೀನೂ ಹೇಳಬೇಡ," ಎಂದಳು. "ಮಾತು ಕೊಡು."

ಕೊಟ್ಟೆ. ಆಮೇಲೆ ಒಬ್ಬಳೇ ಪ್ರತಿ ಕುರ್ಚಿಯ ಮುಂದೂ ಚೀಟಿ ಇಟ್ಟೆ.

ಮಾರನೆಯ ದಿನ ಗಣಿಗಾರರನ್ನು ಕಾಯುವ ಸಂತ ಬಾರ್ಬರಾಳ ದಿನ. ಮೇಜುಗಳ ಮೇಲೆ ಗಾಜಿನ ಜಾಡಿಗಳಲ್ಲಿ ನೀರು ಹಾಕಿ ಚೆರಿಯ ಬೋಳು ಕಡ್ಡಿಗಳನ್ನು ನಿಲ್ಲಿಸಿದ್ದೆವು, ಕ್ರಿಸ್‌ಮಸ್ ಹೊತ್ತಿಗೆ ಹೂ ಬಿಡಲಿ ಎಂದು. ಊಟದ ಹಾಲಿನಲ್ಲಿ ಜನ ತುಂಬಿದರು. ಬಡಿಸುವ ಕಿಟಕಿಯ ಹಿಂದೆ ನಾನು ನಿಂತಿದ್ದೆ, ನನ್ನ ಹಿಂದೆ ಎರಡು ದೊಡ್ಡ ಪಾತ್ರೆ ಬಟಾಣಿ ಸೂಪಿನೊಂದಿಗೆ ಹಾಟಿಜೆ ಅಕ್ಕ. ಒಂದರಲ್ಲಿ ಹಂದಿಯ ಸಾಸೇಜು, ಇನ್ನೊಂದರಲ್ಲಿ ದನದ್ದು.

ಕಿಟಕಿಗೆ ಹತ್ತಿರದ ಮೇಜಿನಲ್ಲಿ ಹೆರ್ ಬುದ್ನಿಕ್ ಬಂದು ಕೂತರು. ಎಂಬತ್ತು ದಾಟಿದ ಹಳೆಯ ಗಣಿಗಾರ, ಈ ಶಾಲೆಯ ಹಳೆಯ ವಿದ್ಯಾರ್ಥಿ. ಚೀಟಿ ಎತ್ತಿ ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಏನಮ್ಮಾ ಇದು, ಊಟದ ಪಟ್ಟಿನಾ?"

"ಅಲ್ಲ," ಎಂದೆ ಮೆಲ್ಲಗೆ.

"ಕನ್ನಡಕ ಮನೇಲಿ ಬಿಟ್ಟುಬಂದೆ. ಹೋಗ್ಲಿ ಬಿಡು, ಸೂಪಿನ ವಾಸನೆಗೆ ಕನ್ನಡಕ ಬೇಡ."

"ಇವರ ಮೂಗು ಮಾತ್ರ ಇನ್ನೂ ಕೆಲಸ ಮಾಡ್ತಿದೆ," ಹಾಟಿಜೆ ಅಕ್ಕ ಅಂದಳು.

"ಬಾಯಿನೂ ಮಾಡತ್ತೆ ಕಣಮ್ಮ. ಕೊಡು, ನೋಡು."

ಮುಖ್ಯೋಪಾಧ್ಯಾಯರು ಮಾತಾಡಿದರು. ಅವರ ನಂತರ ಹೆವಿನ್ ಎದ್ದು ಸಾಲಿನ ಆ ತುದಿಯ ಮೇಜಿನ ತಲೆಯಲ್ಲಿ ನಿಂತಳು. ನೀಲಿ ಸ್ವೆಟರ್ ಹಾಕಿದ್ದಳು, ಕೈಗಳು ಚೆನ್ನಾಗಿ ಕಾಣಲೆಂದು. ಪಕ್ಕದಲ್ಲಿ ದುಭಾಷಿ ಅವಳ ಕೈ ನೋಡಿ ಬಾಯಲ್ಲಿ ಹೇಳುತ್ತಿದ್ದ.

"ಈ ಶಾಲೇಲಿ ಗೆರ್ಟಾ ಅನ್ನೋ ಹುಡುಗಿ ಇದ್ಲು. ನನ್ನ ಹಾಗೆ ಅವಳಿಗೂ ಕೇಳಿಸ್ತಿರ್ಲಿಲ್ಲ. ಹೆರ್ ಬುದ್ನಿಕ್ ಅವರ ಸೋದರತ್ತೆ. ಅವರೇ ನಂಗೆ ಹೇಳಿದ್ದು. ನಾಜಿಗಳ ಕಾಲದಲ್ಲಿ ಒಂದು ಬೆಳಿಗ್ಗೆ ಬಾಗಿಲ ಮೆಟ್ಟಿಲ ಮೇಲೆ ಅವಳನ್ನ ತಡೆದು, ನಿನಗಿಲ್ಲಿ ಜಾಗ ಇಲ್ಲ ಅಂದ್ರು. ಆಮೇಲೆ ಎಲ್ಲಿಗೋ ಕರ್ಕೊಂಡು ಹೋದ್ರು. ಅವಳು ಮನೆಗೆ ವಾಪಸ್ ಬರ್ಲಿಲ್ಲ."

ಹೆರ್ ಬುದ್ನಿಕ್ ಚೀಟಿಯನ್ನು ಬೆರಳಲ್ಲಿ ತಿರುಗಿಸುತ್ತಿದ್ದರು.

"ನಾನು ದಿನಾ ಅದೇ ಮೆಟ್ಟಿಲು ಹತ್ತಿ ಬರ್ತೀನಿ. ನಂಗೆ ಜಾಗ ಇದೆ. ಕ್ಲಾಸಲ್ಲಿ ಕಿಟಕಿ ಪಕ್ಕ, ಎರಡನೇ ಸಾಲು. ಚಳಿಗಾಲದಲ್ಲಿ ಹೀಟರು ಕಾಲಿಗೆ ತಾಗುತ್ತೆ. ಅದನ್ನ ಹೇಳೋಕೆ ಬಂದೆ. ಥ್ಯಾಂಕ್ಸ್."

ಅವಳು ಕೂತಳು. ಎರಡೂ ಅಂಗೈಗಳನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟಳು. ಯಾಕೆ ಇಟ್ಟಳೆಂದು ಹಾಲಿನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಕೈಗಳು ಮೇಲೆದ್ದವು. ಸಾಲುಸಾಲಾಗಿ, ನೂರಾರು ಕೈಗಳು, ಪುಟಾಣಿಗಳವೂ ಅಪ್ಪ ಅಮ್ಮಂದಿರವೂ, ಸದ್ದಿಲ್ಲದೆ ಗಾಳಿಯಲ್ಲಿ ಅಲ್ಲಾಡಿದವು. ಎಲ್ಲಕ್ಕಿಂತ ಎತ್ತರದಲ್ಲಿ ಫ್ರಾವ್ ಲಾಮರ್ಸ್ ಕೈ. ನೋಡಲು ಸುಂದರವಾಗಿಯೇ ಇತ್ತು. ಹೆವಿನ್ ಎಲ್ಲರನ್ನೂ ನೋಡಿ ನಕ್ಕಳು. ಮೇಜಿನ ಮೇಲಿನ ಕೈ ಮಾತ್ರ ತೆಗೆಯಲಿಲ್ಲ.

"ಏನಿದು," ಹೆರ್ ಬುದ್ನಿಕ್ ಪಕ್ಕದವರನ್ನು ಕೇಳುತ್ತಿದ್ದರು, "ಎಲ್ಲರೂ ನೊಣ ಓಡಿಸ್ತಿದ್ದಾರಾ? ಆ ಹುಡುಗಿಗೆ ಯಾಕೆ ಕುಟ್ತಿಲ್ಲ?"

ಹೇಳುವುದಿಲ್ಲ ಎಂದು ನಾನು ಮಾತು ಕೊಟ್ಟಿದ್ದೆ. ನಾನು ಹೇಳಲಿಲ್ಲ. ಬಡಿಸುವ ಕಿಟಕಿಗೂ ಅದೇ ಓಕ್ ಹಲಗೆ, ಈ ತುದಿಯ ಮೇಜಿಗೆ ಅಂಟಿಕೊಂಡೇ ಇದೆ. ಬೆರಳು ಮಡಚಿ ಅದರ ಮೇಲೆ ಕುಟ್ಟಿದೆ.

ಆ ನಿಶ್ಶಬ್ದದಲ್ಲಿ ಅದು ಬಾಗಿಲು ಬಡಿದ ಹಾಗೆ ಕೇಳಿಸಿತು. ತಲೆಗಳೆಲ್ಲ ನನ್ನ ಕಡೆ ತಿರುಗಿದವು. ತರಗತಿಯಲ್ಲಿ ನಾನು ಹೆದರುತ್ತಿದ್ದದ್ದು ಇದಕ್ಕೇ. ಯಾರೋ "ಶ್" ಎಂದರು. ಎದುರಿನ ಪುಟ್ಟ ಹುಡುಗಿಯೊಬ್ಬಳು ತನ್ನ ಚೀಟಿ ಎತ್ತಿ ನನಗೆ ತೋರಿಸಿದಳು. ನಾನು ಯಾರ ಮುಖವನ್ನೂ ನೋಡಲಿಲ್ಲ. ಚೆರಿ ಕಡ್ಡಿಯ ಜಾಡಿಯನ್ನು ನೋಡುತ್ತಾ ಇನ್ನೊಮ್ಮೆ ಕುಟ್ಟಿದೆ. ಜಾಡಿಯ ನೀರು ಸಣ್ಣಗೆ ನಡುಗಿತು.

"ಅಬ್ಬಾ, ಒಬ್ಬಳಿಗಾದ್ರೂ ನೆನಪಿದೆ," ಎಂದರು ಹೆರ್ ಬುದ್ನಿಕ್. ಚೀಟಿಯನ್ನು ಪಕ್ಕಕ್ಕೆ ತಳ್ಳಿ, ಸೊಟ್ಟಗಾದ ಆ ದಪ್ಪ ಬೆರಳುಗಳಿಂದ ಕುಟ್ಟತೊಡಗಿದರು. "ಇದು ನನ್ನ ಅತ್ತೆಗೆ. ಇದು ಈ ಮಗೂಗೆ."

ಮೇಜುಗಳ ಸಾಲಿನ ಆ ತುದಿಯಲ್ಲಿ ಹೆವಿನ್ ತಲೆ ಸಟ್ಟನೆ ಮೇಲೆದ್ದಿತು. ಅವಳು ಮೊದಲು ತನ್ನ ಕೈ ನೋಡಿಕೊಂಡಳು. ಆಮೇಲೆ ಮೇಜಿನುದ್ದಕ್ಕೂ ಕಣ್ಣು ಹಾಯಿಸುತ್ತಾ ಬಂದು ನನ್ನನ್ನು ಕಂಡಳು. ಅವಳ ಮುಖ ಬಿಚ್ಚಿಕೊಂಡ ರೀತಿಯನ್ನು ಫ್ರಾವ್ ಲಾಮರ್ಸ್ ಕೂಡ ಕಂಡರು. ಅವರ ಕೈ ಇನ್ನೂ ಮೇಲೇ ಇತ್ತು. ಹೆವಿನ್‌ಳ ಅಂಗೈಗಳನ್ನು ನೋಡಿದರು, ಮತ್ತೆ ಅವಳ ಮುಖ ನೋಡಿದರು. ನಿಧಾನವಾಗಿ ಕೈ ಇಳಿಸಿ, ಬೆರಳು ಮಡಚಿ, ಮೇಜು ಕುಟ್ಟಿದರು. ನನ್ನ ಕಡೆ ನೋಡಿ ತಲೆಯಾಡಿಸಿದರು. ಈ ಸಲವೂ ಅವರು ಯಾಕೆ ಎಂದು ಕೇಳಲಿಲ್ಲ.

ಆಮೇಲೆ ಯಾರು ಮೊದಲು ಯಾರು ನಂತರ ಎಂಬುದು ತಿಳಿಯಲಿಲ್ಲ. ಪುಟಾಣಿಗಳು ಎರಡೂ ಕೈಯಲ್ಲಿ ಕುಟ್ಟಿದರು. ಗಾಲಿಕುರ್ಚಿಯಲ್ಲಿದ್ದವನೊಬ್ಬ ಮುಂದೆ ಬಾಗಿ ಕುಟ್ಟಿದ. ಚಮಚಗಳು ಕರವಸ್ತ್ರದೊಳಗೇ ಕುಣಿದವು, ಜಾಡಿಗಳ ನೀರು ಚೆಲ್ಲಿತು. ಹೆವಿನ್ ಮೊಣಕೈವರೆಗೂ ಮೇಜಿನ ಮೇಲೆ ಊರಿ, ಕೆನ್ನೆಯನ್ನೂ ಮರಕ್ಕೆ ಒತ್ತಿ, ಕಣ್ಣು ಮುಚ್ಚಿಕೊಂಡಿದ್ದಳು. ನಾನೂ ಕುಟ್ಟುತ್ತಲೇ ಇದ್ದೆ. ಗೆಣ್ಣು ಉರಿಯುತ್ತಿತ್ತು.

ನನ್ನ ಹಿಂದೆ ಹಾಟಿಜೆ ಅಕ್ಕ ಸೌಟು ಹಿಡಿದು ನಿಂತಿದ್ದಳು.

"ಸೂಪು ಆರ್ತಾ ಇದೆ," ಎಂದಳು. "ಯಾರಾದ್ರೂ ತಟ್ಟೆ ಕೊಡ್ರಪ್ಪಾ."