ಕಾರಿನ ಸಂಧಿವಾತ

ಮೂಗಿನ ತುದಿಗೆ ಒಂದು ಹನಿ ಎಣ್ಣೆ, ತಣ್ಣಗೆ, ಕಮಟು ವಾಸನೆ, ಅಭ್ಯಂಜನ ಶುರುವಾಯಿತು ಎಂದುಕೊಂಡ ಜನಾರ್ದನ, ಕಾರಿನಡಿ ಗೋಣಿತಾಟಿನ ಮೇಲೆ ಅಂಗಾತ ಮಲಗಿ, ಬಿ.ಎ. ಪಾಸಾದ ಬೆನ್ನಿಗೆ ಶಿವಮೊಗ್ಗದ ಕಲ್ಲು ಒತ್ತುತ್ತಿದೆ, ಒತ್ತಲಿ, ಹಿಂದಿನ ಚಕ್ರ ಕಳಚಿದ ಕಾರು ಮರದ ದಿಮ್ಮಿಗಳ ಮೇಲೆ ಪದ್ಮಾಸನ ಹಾಕಿ ಕೂತಿದೆ, ಸಂಜೆಯೊಳಗೆ ಮಾವ ಹಿರಿಯಣ್ಣನವರು ಭದ್ರಾವತಿಯಿಂದ ಬರುತ್ತಾರೆ, ಬಾಣಂತನಕ್ಕೆ ಮಗಳನ್ನು ಕರೆದೊಯ್ಯಲು, ಶಾಮಲಾ ತವರಿಗೆ ಈ ಕಾರಿನಲ್ಲೇ ಹೋಗಬೇಕು, ರೈಲಿನಲ್ಲಲ್ಲ, ಹೋಗುತ್ತಾಳೆ, ಯಾಕೆ ಹೋಗುವುದಿಲ್ಲ, ಗಂಡ ಕೈಯಾರೆ ಬಿಚ್ಚಿ ಜೋಡಿಸಿದ ಕಾರು — ಮಾವನವರ ಆ ನಸ್ಯ ಏರಿಸಿದ ಮೂಗಿನ ದನಿ ತಾನಾಗಿಯೇ ಅವನ ಬಾಯಿಗೆ ಬಂತು, ಅಳಿಯಂದಿರೇ, ನಿಮ್ಮ ವಾಹನಕ್ಕೆ ಸಂಧಿವಾತ ಕಣ್ರೀ, ರೈಲು ಹಳಿ ಮೇಲಾದ್ರೂ ಇರುತ್ತೆ — ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದ ಅವನ ತಾಯಿ ವಿಮಲಮ್ಮ ಸೆರಗು ಸರಿಮಾಡಿಕೊಂಡು ಓಡಿಬಂದರು, ಬೀಗರು ಬಂದ್ರಾ, ಎಲ್ಲಿ, ಥೂ ನಿನ್ನ, ನೀನೇನೋ ಮಾರಾಯ, ಹೀಗೆ ಎಲ್ಲರನ್ನೂ ಅಣಕಿಸ್ತಾ ಇದ್ರೆ ನಿನ್ನ ಸ್ವಂತ ದನಿ ಯಾವ್ದು ಅಂತ ಹುಟ್ಟೋ ಮಗೂಗೆ ಹ್ಯಾಗೋ ಗೊತ್ತಾಗುತ್ತೆ, ಎಂದು ಬೈದು ಹೋದರು, ಅಮ್ಮನ ಕಾಲ್ಬೆರಳ ಕಾಲುಂಗುರ ಮಾತ್ರ ಕಂಡಿತು, ಕಾರಿನಡಿ ಮಲಗಿದವನಿಗೆ ಲೋಕವೆಲ್ಲ ಪಾದದರ್ಶನ.

ಸಂಧಿವಾತವೇನು, ಇಡೀ ಸಂಧಿಪ್ರಕರಣವೇ ಇದೆ ಇಲ್ಲಿ, ಗೇರ್ ಪೆಟ್ಟಿಗೆಯಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಉದ್ದನೆಯ ಶಾಫ್ಟು, ಅದರ ಕೊರಳಲ್ಲಿ ಶಿಲುಬೆಯಂಥ ಕೀಲು, ತೋಳು ಸವೆದು ಸಡಿಲಾಗಿದೆ, ಇದು ಲೋಪಸಂಧಿ, ಹಳೆಯದು ಹೋಗಿ ಅದರ ಜಾಗಕ್ಕೆ ಹೊಸದು ಬಂದರೆ ಆದೇಶಸಂಧಿ, ಎಲ್ಲ ಜೋಡಿಸಿದ ಮೇಲೆ ಒಂದು ನಟ್ಟು ಹೆಚ್ಚಿಗೆ ಉಳಿದರೆ ಆಗಮಸಂಧಿ, ಅದೊಂದು ಆಗಕೂಡದು — ಇನ್ನು ಸ್ಪ್ರಿಂಗ್ ಪಟ್ಟಿಗಳನ್ನು ಚಾಸಿ ಚೌಕಟ್ಟಿಗೆ ತೂಗುಹಾಕುವ ಶಾಕಲ್ ಪಿನ್ನುಗಳು, ಋಗ್ವೇದಿ ಮಾವನವರಿಗೆ ಹೇಳಬೇಕು, ನಿಮ್ಮದೂ ಶಾಕಲ ಶಾಖೆ, ಕಾರಿನದೂ ಶಾಕಲ ಶಾಖೆ, ಗೋತ್ರ ಮಾತ್ರ ಬೇರೆ, ಸಂಬಂಧಕ್ಕೆ ಅಡ್ಡಿಯಿಲ್ಲ — ಪಿನ್ನು ಕೂರುವ ಕಂಚಿನ ಬುಷ್ಷುಗಳನ್ನು ಕಡೆದುಕೊಟ್ಟವನು ಭದ್ರಾವತಿಯ ಲೇತಿನ ಉಜ್ಜನಪ್ಪ, ಹೆಸರಿಗೆ ತಕ್ಕಂತೆ ಉಜ್ಜಿ ಉಜ್ಜಿ ಕನ್ನಡಿ ಮಾಡಿದ್ದಾನೆ, ಏನ್ ಸ್ವಾಮಿ, ಬೀಯೇ ಓದಿ ಕಾರಿನಡಿ ಮಲಗೋದಾ ಎಂದು ಅವನು ಕೇಳಿದ್ದಕ್ಕೆ ಇವನು, ಬೀಯೇ ಅಂದ್ರೆ ಬೇರಿಂಗು, ಆಕ್ಸಲು ಕಣಯ್ಯಾ — ಹಳೆಯ ಬುಷ್ಷು ಹೊರಡುವುದಿಲ್ಲ ಎಂದು ಹಟ ಹಿಡಿದಿದೆ, ಒಳಗೆ ಉದ್ದನೆಯ ಬೋಲ್ಟು ತೂರಿಸಿ, ಆಚೆ ತುದಿಗೆ ಕೊಳವೆಯ ತುಂಡಿಟ್ಟು, ನಟ್ಟು ತಿರುಗಿಸು, ಇನ್ನೂ ತಿರುಗಿಸು, ಕಿರ್, ಕಿರ್ರ್, ಬಂತು, ಮೊಟ್ಟೆಯ ಆಕಾರಕ್ಕೆ ಸವೆದಿದೆ, ಅದರ ಜಾಗಕ್ಕೆ ಹೊಸದು ಕೂತಿತು, ಇನ್ನೆಲ್ಲಿಯ ಸದ್ದು, ಇನ್ನೆಲ್ಲಿಯ ಟಣ್.

ಟಣ್ — ಆ ಸದ್ದನ್ನು ಅವನಷ್ಟು ಚೆನ್ನಾಗಿ ಯಾರೂ ಮಾಡಲಾರರು, ನಾಲಗೆಯನ್ನು ಅಂಗುಳಕ್ಕೆ ಹಚ್ಚಿ ಎಳೆದುಬಿಟ್ಟರೆ ಆಯಿತು, ಗೇರ್ ಬದಲಾಯಿಸಿದಾಗ ಕೀಲು ಟಣ್ ಅಂದರೆ ಇವನೂ ಟಣ್, ಶಾಮಲಾ ನಕ್ಕು ನಕ್ಕು, ರೀ, ಇದು ನಿಮ್ದಾ, ಕಾರಿಂದಾ, ಕಾರಿಂದು ಮಾರಾಯ್ತಿ, ಸುಳ್ಳು, ನಿಮ್ದೇ — ಆವತ್ತು ಭದ್ರಾವತಿ ರಸ್ತೆಯಲ್ಲಿ ಟಣ್ ಅಂದದ್ದು ಕಾರೇ, ನಿಮ್ದೇ ನಿಮ್ದೇ ಎಂದು ಅವಳಿನ್ನೂ ನಗುತ್ತಿರುವಾಗಲೇ ಶಾಫ್ಟು ಕಳಚಿ ಕಾಲಡಿಯ ಹಲಗೆಗೆ ಧಡಧಡ ಬಡಿಯಿತು, ಕಾರು ಚರಂಡಿಯತ್ತ ವಾಲಿತು, ಅವಳ ಕೈ, ಹೊಟ್ಟೆಯ ಮೇಲೆ, ಐದೂ ಬೆರಳು ಬಿಡಿಸಿ — ಇರಲಿ, ಸ್ಪ್ಯಾನರ್ ಎಲ್ಲಿ, ಗ್ರೀಸ್ ಎಲ್ಲಿ, ಬಿಚ್ಚುವ ಮುನ್ನ ಸುಣ್ಣದಲ್ಲಿ ಎಳೆದ ಗೀರಿಗೆ ಗೀರು ಕೂಡಿತು, ಹೊಸ ಕೀಲಿನೊಡನೆ ಶಾಫ್ಟು ತನ್ನ ಜಾಗ ಸೇರಿತು, ನಟ್ಟು ಬಿಗಿ, ಚಕ್ರ ಹಾಕು, ದಿಮ್ಮಿ ಎಳೆ, ನೆಲಕ್ಕಿಳಿದ ಕಾರು ಉಸ್ಸೆಂದಿತು, ಒಂದೂ ನಟ್ಟು ಉಳಿಯಲಿಲ್ಲ.

ಮಾವನವರು ಬಂದೇಬಿಟ್ಟರು, ನಸ್ಯದ ಡಬ್ಬಿಯೊಡನೆ, ಶಾಮಲಾ ಹೊಸ್ತಿಲ ಮೇಲೆ ನಿಂತು ತೀರ್ಪು ಕೊಟ್ಟಳು, ಬಜಾರಿನವರೆಗೆ ಒಂದು ಸುತ್ತು ಹೋಗಿ ಬರೋಣ, ಸದ್ದು ಬಂದ್ರೆ ರೈಲು, ಬರದಿದ್ರೆ ಕಾರು, ಬರುವುದಿಲ್ಲವೆಂದು ಅವನಿಗೆ ಗೊತ್ತು, ಹ್ಯಾಂಡಲ್ ತಿರುಗಿಸಿದರೆ ಇಂಜಿನ್ನು ಒಂದೇ ಏಟಿಗೆ ಗುರ್ರೆಂದಿತು, ಅವಳು ಪಕ್ಕದಲ್ಲಿ, ಮಾವ ಹಿಂದೆ, ಮೊದಲ ಗೇರು, ಸದ್ದಿಲ್ಲ, ಎರಡನೆಯದು, ಸದ್ದಿಲ್ಲ, ಹಳ್ಳಕ್ಕಿಳಿದು ಹತ್ತಿದರೂ ಸ್ಪ್ರಿಂಗು ತೊಟ್ಟಿಲ ಹಾಗೆ ತೂಗಿತು, ಮಾವನವರು ಸೀನಿ, ಅಳಿಯಂದಿರೇ, ಸಂಧಿಕಾರ್ಯ ಸಾಂಗವಾಯ್ತು ಬಿಡಿ ಅಂದರು, ಶಾಮಲಾ ಬೆನ್ನು ಸೀಟಿಗೆ ಒರಗಿಸಿ, ಹೌದಲ್ರೀ, ಏನೂ ಸದ್ದೇ ಇಲ್ಲ, ಅವಳು ನಕ್ಕೇಬಿಡುತ್ತಾಳೆ ಈಗ, ಇನ್ನೊಂದು ಚೂರು ಸಾಕು, ಗೆದ್ದವನಿಗೆ ಅಷ್ಟೂ ಹಕ್ಕಿಲ್ಲವೇ, ಕೈ ಗೇರಿನ ಮೇಲೆ, ನಾಲಗೆ ಅಂಗುಳದ ಮೇಲೆ, ಟಣ್ — ನಗು ಬರಲಿಲ್ಲ, ಹಿಂದಿನಿಂದ ಮಾವ, ನಿಲ್ಸಿ, ನಿಲ್ಸಿ, ಗಾಡಿ ನಿಲ್ಸಿ ಎಂದು ಕೂಗಿದರು, ಇವನು, ನಾನು, ಅದು ನಾನು, ಕಾರಲ್ಲ, ನಾನೇ ಕಣೇ ಎಂದ, ಆ ಮಾತೂ ಯಾರದೋ ಅಣಕದ ಹಾಗೆ ಕೇಳಿಸಿತು, ಅವಳು ಇವನ ಕಡೆ ತಿರುಗಲಿಲ್ಲ, ಕಾರು ಸದ್ದಿಲ್ಲದೆ ನಿಂತಿದೆ, ಎಷ್ಟು ಚೆನ್ನಾಗಿ ನಿಂತಿದೆ, ಅವಳ ಕೈ, ಹೊಟ್ಟೆಯ ಮೇಲೆ, ಐದೂ ಬೆರಳು, ಬಿಡಿಸಿ, ಅವಳ ಕೈ