ಹೊಗೆ ಬಿಡದ ಕಾರು

ಗೋವಿಂದರಾಜನಗರದ ಪಾಪಮ್ಮನಿಗೆ ಅರವತ್ತು ದಾಟಿದ ಮೇಲೆ ಉಬ್ಬಸ ಹಿಡಿಯಿತು. ಮೊದಮೊದಲು ಚಳಿಗಾಲದಲ್ಲಿ ಮಾತ್ರ ಕಾಡುತ್ತಿದ್ದದ್ದು ಬರಬರುತ್ತ ವರ್ಷವಿಡೀ ಉಳಿದುಬಿಟ್ಟಿತು. ಎರಡು ಸಾವಿರದ ಏಳನೇ ಇಸವಿಯ ಕೊನೆಯಲ್ಲಿ ವಿಜಯನಗರದ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿ, "ಸೌದೆ ಒಲೆ ಉರಿಸ್ತಿದ್ರಾ ಅಮ್ಮ?" ಎಂದು ಕೇಳಿದರು.

ಮದುವೆಯಾಗಿ ಬಂದ ದಿನದಿಂದ ಮನೆಗೆ ಗ್ಯಾಸ್ ಬರುವವರೆಗೂ ಉರಿಸಿದ್ದಳು. ಆಗ ಈ ಮನೆಯ ಸುತ್ತ ರಾಗಿ ಹೊಲವಿತ್ತು. ಗಂಡ ದೊಡ್ಡಣ್ಣ ಹೊಲದಿಂದ ಬರುವಷ್ಟರಲ್ಲಿ ನೀರು ಕಾದಿರಬೇಕಿತ್ತು.

"ಈಗ ಮನೆ ಹತ್ರ ಹೊಗೆ ಗಿಗೆ ಇದೆಯಾ?"

"ಏನೂ ಇಲ್ಲ ಸಾರ್" ಎಂದ ಪಕ್ಕದಲ್ಲಿ ಕೂತಿದ್ದ ಮಗ ಮೋಹನ್ ಕುಮಾರ್. ಹೇಳಿದ ಮೇಲೆ ಅವನಿಗೆ ಜೀಪು ನೆನಪಾಯಿತು. ಮಾಗಡಿ ರಸ್ತೆಯಲ್ಲಿ ಅವನದೊಂದು ಹಾರ್ಡ್‌ವೇರ್ ಅಂಗಡಿ. ಅಂಗಡಿಗೆ ಹೋಗಲು ಅವನಲ್ಲಿ ಹಳೆಯ ಡೀಸೆಲ್ ಜೀಪಿತ್ತು. ದಿನಾ ಬೆಳಿಗ್ಗೆ ಅದನ್ನು ಪೋರ್ಟಿಕೋದಲ್ಲೇ ಸ್ಟಾರ್ಟ್ ಮಾಡಿ, ಬಿಸಿಯಾಗಲೆಂದು ಬಿಟ್ಟು, ತಿಂಡಿ ತಿನ್ನಲು ಒಳಗೆ ಬರುತ್ತಿದ್ದ. ಪೋರ್ಟಿಕೋಗೆ ತೆರೆದುಕೊಂಡಿದ್ದದ್ದು ತಾಯಿಯ ಕೋಣೆಯ ಕಿಟಕಿ.

ಆ ವಾರವೇ ಜೀಪು ಮಾರಿದ. ಅದರ ಜಾಗಕ್ಕೆ ಬ್ಯಾಟರಿಯಲ್ಲಿ ಓಡುವ ಪುಟ್ಟ ಕಾರು ಬಂತು. ಬೀದಿಯ ಹುಡುಗರು ಅದನ್ನು ಡಬ್ಬಿ ಎಂದು ಕರೆದರು. ಹೆಂಡತಿ ಕವನಾ ಒಳಗೆ ಬಗ್ಗಿ ನೋಡಿ, "ಮದುವೆ ಮುಂಜಿ ಅಂದ್ರೆ ಎಲ್ರೂ ಇದ್ರಲ್ಲಿ ಹೆಂಗ್ರೀ ಹೋಗೋದು?" ಎಂದಳು.

"ಅಮ್ಮ ಕೂತ್ರೆ ಸಾಕು. ನಾವು ಆಟೋದಲ್ಲಿ ಹೋಗೋಣ."

ತಾಯಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಸವೇಶ್ವರನಗರದವರೆಗೆ ಒಂದು ಸುತ್ತು ಹೊಡೆದ. ಪಾಪಮ್ಮ ಸೀಟಿನ ಅಂಚು ಹಿಡಿದು ಕೂತಿದ್ದವಳು ಸ್ವಲ್ಪ ದೂರ ಹೋದಮೇಲೆ ಕೈ ಸಡಿಲಿಸಿ, "ಸದ್ದೇ ಇಲ್ವಲ್ಲೋ" ಎಂದಳು. ಅವನಿಗೆ ಅಷ್ಟು ಸಾಕಾಯಿತು. ಆ ಚಳಿಗಾಲ ಅವಳ ಉಬ್ಬಸ ನಿಜವಾಗಿಯೂ ತಗ್ಗಿತು. ಅಂಗಡಿಗೆ ಬಂದವರಿಗೆಲ್ಲ ಮೋಹನ್ ಕುಮಾರ್ ಅದನ್ನು ಹೇಳಿಕೊಳ್ಳುತ್ತಿದ್ದ. ಬಿಲ್ಲು ಬರೆಯುತ್ತ ಬರೆಯುತ್ತಲೇ ಪೆಟ್ರೋಲು, ಡೀಸೆಲ್ಲು, ಊರಿನ ಗಾಳಿ ಎಂದು ಭಾಷಣ ಶುರುಮಾಡುತ್ತಿದ್ದ. ಕೇಳುವವರು ಮೊಳೆ ತೆಗೆದುಕೊಂಡು ಹೋಗಲು ಬಂದವರಾದ್ದರಿಂದ ತಲೆಯಾಡಿಸುತ್ತಿದ್ದರು.

ಮರುವರ್ಷದ ಬೇಸಿಗೆ ಕೆಟ್ಟದ್ದಾಗಿ ಬಂತು. ಕರೆಂಟು ಬೆಳಿಗ್ಗೆ ಹೋಗುವುದು, ಮಧ್ಯಾಹ್ನ ಹೋಗುವುದು, ಬಂದರೂ ವೋಲ್ಟೇಜ್ ಇಲ್ಲದೆ ಫ್ಯಾನು ಸುಸ್ತಾದವರಂತೆ ತಿರುಗುವುದು. ಎಂಟು ಗಂಟೆ ಚಾರ್ಜ್ ಬೇಡುವ ಕಾರು ಅರೆಹೊಟ್ಟೆಯಲ್ಲೇ ಹೊರಡಬೇಕಾಯಿತು. ಒಂದು ದಿನ ತಾಯಿಯನ್ನು ಡಾಕ್ಟರ ಹತ್ತಿರ ತೋರಿಸಿಕೊಂಡು, ಹಾಗೇ ಅಂಗಡಿಗೂ ಹೋಗಿ ವಾಪಸ್ಸು ಬರುವಾಗ ಮಾಗಡಿ ರಸ್ತೆಯ ಟೋಲ್‌ಗೇಟಿನ ಹತ್ತಿರ ಕಾರು ನಿಂತೇಹೋಯಿತು. ಹಿಂದೆ ಬಸ್ಸು, ಲಾರಿ, ಆಟೋಗಳು ಸಾಲುಗಟ್ಟಿ ಹಾರನ್ ಒತ್ತಿದವು. "ಏನ್ ಗುರು, ಸೆಲ್ ಹೋಯ್ತಾ?" ಎಂದು ಒಬ್ಬ ಆಟೋದವನು ನಕ್ಕ. ಇಬ್ಬರು ಸೇರಿ ಕಾರನ್ನು ಪಕ್ಕಕ್ಕೆ ತಳ್ಳುವವರೆಗೂ ಪಾಪಮ್ಮ ಒಳಗೇ ಕೂತಿದ್ದಳು. ಬಸ್ಸಿನ ಹೊಗೆ ನೇರ ಅವಳ ಮುಖಕ್ಕೆ ಬರುತ್ತಿತ್ತು. ಆಮೇಲೆ ಆಟೋ ಹಿಡಿದು ಮನೆಗೆ ಹೋಗುವಷ್ಟರಲ್ಲಿ ಅವಳ ತುಟಿ ನೀಲಿಯಾಗಿತ್ತು.

ಮರುದಿನ ಮೋಹನ್ ಕುಮಾರ್ ಪರಿಚಯದವರ ಗೋಡೌನಿನಿಂದ ಸೆಕೆಂಡ್ ಹ್ಯಾಂಡ್ ಡೀಸೆಲ್ ಜನರೇಟರ್ ತರಿಸಿದ.

"ಇನ್ಮೇಲೆ ನಡುದಾರೀಲಿ ನಿಲ್ಲಲ್ಲ ಅಮ್ಮ. ಕರೆಂಟ್ ಹೋದ್ರೂ ಕಾರು ಚಾರ್ಜ್ ಆಗ್ತಿರತ್ತೆ."

ಅದನ್ನು ಇಡಲು ಬೇರೆ ಜಾಗವಿರಲಿಲ್ಲ. ಕಾರಿನ ಪ್ಲಗ್ ಇದ್ದದ್ದು ಪೋರ್ಟಿಕೋದಲ್ಲಿ. ಹಾಗಾಗಿ ಜನರೇಟರೂ ಪೋರ್ಟಿಕೋದ ಮೂಲೆಗೇ ಬಂತು. ಮಧ್ಯಾಹ್ನ ಊಟಕ್ಕೆ ಬಂದವನು ಕಾರಿಗೆ ವೈರು ಸಿಕ್ಕಿಸಿ, ಕರೆಂಟಿಲ್ಲದಿದ್ದರೆ ಜನರೇಟರ್ ಹಾಕಿ, ನಡೆದೇ ಅಂಗಡಿಗೆ ಹೋಗುತ್ತಿದ್ದ. ಸಂಜೆಯವರೆಗೂ ಅದು ಗುಡುಗುಡು ಎನ್ನುತ್ತಿತ್ತು. ಪಾಪಮ್ಮ ಕಿಟಕಿ ಮುಚ್ಚಿಕೊಂಡಳು. ಸಂದಿಗೆ ಹಳೆ ಸೀರೆ ತುರುಕಿದಳು. ಕೆಮ್ಮು ಹೆಚ್ಚಾದರೆ ಎದ್ದು ಹಿತ್ತಿಲಿಗೆ ಹೋಗಿ ಕೂರುತ್ತಿದ್ದಳು.

ಹಿತ್ತಿಲಲ್ಲಿ ಒಂದು ಶೀಟಿನ ಮನೆಯಿತ್ತು. ಅದರಲ್ಲಿ ಬಾಡಿಗೆಗಿದ್ದವರು ರಾಯಚೂರು ಕಡೆಯಿಂದ ಬಂದ ಗೂಳಪ್ಪ, ಅವನ ಹೆಂಡತಿ ಶಂಕ್ರವ್ವ. ಗೂಳಪ್ಪ ಕಟ್ಟಡಗಳಿಗೆ ಕಂಬಿ ಕಟ್ಟುವ ಕೆಲಸಕ್ಕೆ ಹೋಗುತ್ತಿದ್ದ. ಶಂಕ್ರವ್ವ ಪಾಪಮ್ಮನ ಮನೆಯ ಪಾತ್ರೆ, ಬಟ್ಟೆ ತೊಳೆಯುತ್ತಿದ್ದಳು. ಅವರಿಗೆ ಲಕ್ಷ್ಮಿ ಎಂಬ ಕೂಸು, ಆಗಷ್ಟೇ ಗೋಡೆ ಹಿಡಿದು ನಿಲ್ಲಲು ಕಲಿತಿತ್ತು. ಪಾಪಮ್ಮ ಬಂದು ಕಟ್ಟೆಯ ಮೇಲೆ ಕೂತರೆ ಅವಳ ಮಂಡಿ ಹಿಡಿದು ಎದ್ದು ನಿಲ್ಲುತ್ತಿತ್ತು.

"ಮಗಗ ಹೇಳ್ರೀ ಅವ್ವಾರ. ಇಷ್ಟ ಕೆಮ್ಮಾಕತ್ತೀರಿ" ಎಂದಳು ಒಂದು ದಿನ ಶಂಕ್ರವ್ವ.

"ಹೆಂಗ್ ಹೇಳ್ಲಿ? ನನಗೋಸ್ಕರ ತಂದವ್ನೆ ಕಣೇ. ಬೇಜಾರ್ ಮಾಡ್ಕೋತಾನೆ."

ಜೂನ್ ತಿಂಗಳಲ್ಲಿ ಹತ್ತಿರದ ಒಂದು ಶಾಲೆಯವರು ಪರಿಸರ ದಿನಕ್ಕೆ ಮೋಹನ್ ಕುಮಾರನನ್ನು ಕರೆದರು. ಮಳೆ ಇನ್ನೂ ಬಂದಿರಲಿಲ್ಲ. ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ತಾಯಿಯನ್ನೂ ಕಾರಿನಲ್ಲಿ ಕರೆದುಕೊಂಡು ಹೋದ. ಅವಳನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಮೈಕಿನ ಮುಂದೆ ನಿಂತು ಅವನು ಹೇಳಿದ: "ನನ್ನ ಕಾರಿನಿಂದ ಒಂದು ಎಳೆ ಹೊಗೆ ಬರಲ್ಲ ಮಕ್ಕಳೇ. ನಮ್ಮಮ್ಮ ಇಲ್ಲೇ ಕೂತಿದ್ದಾರೆ. ಅವರ ಉಸಿರಿಗೋಸ್ಕರ ನಾನು ಈ ಕಾರು ತಗೊಂಡೆ. ಇವತ್ತು ಅವರು ಆರಾಮಾಗಿ ಉಸಿರಾಡ್ತಾ ಇದ್ದಾರೆ."

ಮಕ್ಕಳು ಚಪ್ಪಾಳೆ ತಟ್ಟಿದರು. ಪಾಪಮ್ಮ ಸೆರಗನ್ನು ಬಾಯಿಗೆ ಒತ್ತಿ ಹಿಡಿದುಕೊಂಡಿದ್ದಳು. ಕೆಮ್ಮು ತಡೆದು ತಡೆದು ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿದ್ದ ಮೇಡಂ ಅದನ್ನು ಬೇರೆಯೇ ತಿಳಿದುಕೊಂಡು ಅವಳ ಕೈ ಸವರಿದರು.

ಅದಾದ ಮರುದಿನ ಮಧ್ಯಾಹ್ನ ಪಾಪಮ್ಮ ಮಂಚದಿಂದ ಏಳಲಾಗದೆ ಕವನಾಳನ್ನು ಕೂಗಿದಳು. ಕೂಗು ಜನರೇಟರಿನ ಸದ್ದಿನಲ್ಲಿ ಕೇಳಿಸಲಿಲ್ಲ. ಪಾತ್ರೆಗೆ ಬಂದ ಶಂಕ್ರವ್ವ ನೋಡಿ ಎಲ್ಲರನ್ನೂ ಕರೆದಳು. ಆಸ್ಪತ್ರೆಯಲ್ಲಿ ಆಮ್ಲಜನಕ ಹಾಕಿ, ಮೂರನೇ ದಿನ ಮನೆಗೆ ಕಳಿಸಿದರು. ಆಗ ಕವನಾ ಗಂಡನ ಮುಂದೆ ಎಲ್ಲವನ್ನೂ ಬಿಚ್ಚಿ ಹೇಳಿದಳು. ಕಿಟಕಿಯ ಸಂದಿಗೆ ತುರುಕಿದ್ದ ಸೀರೆಯನ್ನು ಎಳೆದು ತೋರಿಸಿದಳು. ಅದು ಮಸಿಬಟ್ಟೆಯಂತಾಗಿತ್ತು.

ಮೋಹನ್ ಕುಮಾರ್ ತಾಯಿಯ ಕಾಲ ಹತ್ತಿರ ಕೂತು ಅತ್ತ. "ನನಗ್ಯಾಕೆ ಹೇಳ್ಲಿಲ್ಲ ಅಮ್ಮ?"

"ಹೋಗ್ಲಿ ಬಿಡು ಮಗ."

ಆ ಸಂಜೆಯೇ ಅವನು ಇಬ್ಬರು ಆಳುಗಳನ್ನು ಕರೆಸಿ ಜನರೇಟರನ್ನು ಹಿತ್ತಿಲಿಗೆ ಎಳೆಸಿದ. ಉದ್ದದ ಕೇಬಲ್ ಎಳೆದ. ಹೊಗೆ ಪೈಪಿನ ಬಾಯಿ ಮನೆಯ ಕಡೆ ಬರದಂತೆ ಆಚೆಗೆ ತಿರುಗಿಸಿದ. ಆಚೆಗಿದ್ದದ್ದು ಗೂಳಪ್ಪನ ಮನೆ.

ಪಾಪಮ್ಮ ಕೆಲವೇ ದಿನಗಳಲ್ಲಿ ಚೇತರಿಸಿಕೊಂಡಳು. ಕಿಟಕಿ ತೆರೆದು ಮಲಗಿದಳು. ಊಟ ಸೇರಿತು. ಹಿತ್ತಿಲಿಗೆ ಹೋಗದಂತೆ ಮಗ ಕಟ್ಟಪ್ಪಣೆ ಮಾಡಿದ್ದ. ಶಂಕ್ರವ್ವ ಬಂದು ಪಾತ್ರೆ ತೊಳೆದು ಬೇಗ ಹೊರಟುಬಿಡುತ್ತಿದ್ದಳು. ಒಂದು ದಿನ ಪಾಪಮ್ಮನೇ ಕೇಳಿದಳು.

"ಯಾಕೆ ಲಕ್ಷ್ಮೀನ ಕರ್ಕೊಂಡ್ ಬರಲ್ಲ ನೀನು?"

"ಕೂಸಿಗೆ ಆರಾಮಿಲ್ರೀ. ಕೆಮ್ಮು. ಎದಿ ಗೊರ ಗೊರ ಅಂತದ."

ಪಾಪಮ್ಮ ಸೊಸೆ ಬೇಡವೆಂದರೂ ಕೇಳದೆ ಹಿತ್ತಿಲಿಗೆ ನಡೆದಳು. ಜನರೇಟರ್ ಓಡುತ್ತಿತ್ತು. ಶೀಟಿನ ಮನೆಗೆ ಇದ್ದದ್ದೇ ಒಂದು ಕಿಟಕಿ, ಅದಕ್ಕೆ ರಟ್ಟು ಹೊಡೆದಿದ್ದರು. ಒಳಗೆ ಬೆಂಕಿಯಂಥ ಸೆಕೆ. ಕೂಸು ಚಾಪೆಯ ಮೇಲೆ ಬಾಯಿ ತೆರೆದು ಮಲಗಿತ್ತು. ಪಾಪಮ್ಮ ಅದನ್ನು ಎತ್ತಿಕೊಂಡು ಬಂದು ತನ್ನ ಮಂಚದ ಮೇಲೆ ಮಲಗಿಸಿದಳು.

ಅಂದಿನಿಂದ ಅದೇ ರೂಢಿಯಾಯಿತು. ಜನರೇಟರ್ ಹಾಕಿದ ಕೂಡಲೇ ಶಂಕ್ರವ್ವ ಕೂಸನ್ನು ತಂದು ಪಾಪಮ್ಮನ ಕೋಣೆಯಲ್ಲಿ ಬಿಡುತ್ತಿದ್ದಳು. ತಾನೂ ಬಾಗಿಲಲ್ಲಿ ಕೂತಿರುತ್ತಿದ್ದಳು. ಮೋಹನ್ ಕುಮಾರ್ ನಾಲ್ಕು ದಿನ ನೋಡಿದ. ಐದನೇ ದಿನ ಊಟಕ್ಕೆ ಕೂತಾಗ ಪಾಪಮ್ಮನೇ ಮಾತು ತೆಗೆದಳು.

"ಆ ಕಾರು ಮಾರ್ಬಿಡೋ ಮೋಹನ."

"ಯಾಕೆ?"

"ಹೊಗೇನ ನನ್ನ ಕಿಟಕಿಯಿಂದ ತೆಗ್ದು ಆ ಮಗೀನ ಕಿಟಕಿಗೆ ಇಟ್ಟಿದ್ದೀಯ. ಅಷ್ಟೇ ಅಲ್ವಾ ನೀನು ಮಾಡಿದ್ದು?"

ಅವನು ತುತ್ತು ಕೆಳಗಿಟ್ಟ. "ಕಾರೇನ್ ಹೊಗೆ ಬಿಡ್ತಾ ಇದೆಯಾ ಅಮ್ಮ? ಕರೆಂಟ್ ಸರಿಯಾಗ್ ಕೊಟ್ರೆ ಜನರೇಟರ್ ಯಾಕ್ ಬೇಕಿತ್ತು? ಜೀಪು ಇಟ್ಕೊಂಡಿದ್ರೆ ಊರಿಗೆಲ್ಲ ಹೊಗೆ ಕುಡಿಸ್ತಿದ್ದೆ. ಇದು ದಿನಕ್ಕೆ ಎರಡ್ಮೂರು ಗಂಟೆ."

"ಅದು ಊರಿಗೆಲ್ಲ ಹಂಚ್ಕೋತಿತ್ತು. ಇದು ಒಂದೇ ಮಗೀಗೆ."

"ಹಂಗಾದ್ರೆ ಎಲ್ಲಿಡ್ಲಿ ಹೇಳು. ತಾರಸಿ ಮೇಲಿಟ್ರೆ ಮೇಲಿನ ಬಾಡಿಗೆಯವ್ರು ಬಿಡಲ್ಲ. ಬೀದೀಲಿಟ್ರೆ ಎದುರು ಮನೆಯವ್ರು ಜಗಳಕ್ಕೆ ಬರ್ತಾರೆ."

"ಗೂಳಪ್ಪ ಜಗಳಕ್ಕೆ ಬರಲ್ಲ ಅಂತ ಅಲ್ಲಿಟ್ಟಿದ್ದೀಯ."

ಅವನು ತಟ್ಟೆ ಪಕ್ಕಕ್ಕೆ ಸರಿಸಿದ. ಕೈ ತೊಳೆದು ಎದ್ದುಹೋದ.

ಮುಂದಿನ ವಾರ ಪಾಪಮ್ಮನನ್ನು ಡಾಕ್ಟರಿಗೆ ತೋರಿಸಬೇಕಿತ್ತು. ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು, "ಈಗ ಚೆನ್ನಾಗಿದೆಯಲ್ಲ, ಏನ್ ಮಾಡಿದ್ರಿ?" ಎಂದು ಕೇಳಿದರು. ಪಾಪಮ್ಮ ಸೆರಗು ಸರಿಮಾಡಿಕೊಂಡು ಎದ್ದಳು. ಅಲ್ಲಿಂದ ಬರುತ್ತ ಮೋಹನ್ ಕುಮಾರ್ ಅವಳನ್ನು ಎಳನೀರು ಕುಡಿಸಲು ನಿಲ್ಲಿಸಿದ, ದೇವಸ್ಥಾನಕ್ಕೂ ಕರೆದೊಯ್ದ. ಮನೆಗೆ ಬಂದಾಗ ಹಿತ್ತಿಲು ಖಾಲಿಯಾಗಿತ್ತು. ಶೀಟಿನ ಮನೆಯ ಬಾಗಿಲು ತೆರೆದಿತ್ತು. ಒಳಗೆ ಚಾಪೆಯಿರಲಿಲ್ಲ, ಪಾತ್ರೆಯಿರಲಿಲ್ಲ, ಕಿಟಕಿಯ ರಟ್ಟು ಮಾತ್ರ ಇತ್ತು.

"ಬೇರೆ ಕಡೆ ಮನೆ ನೋಡ್ಕೊಳ್ಳಿ ಅಂತ ಹೋದ್ವಾರಾನೇ ಹೇಳಿದ್ದೆ" ಎಂದ ಮೋಹನ್ ಕುಮಾರ್. "ಅಡ್ವಾನ್ಸ್ ಪೂರ್ತಿ ವಾಪಸ್ ಕೊಟ್ಟಿದೀನಿ. ಜನರೇಟರ್ ಆ ರೂಮೊಳಗೇ ಇಡ್ತೀನಿ. ಇನ್ ಯಾರಿಗೂ ತೊಂದ್ರೆ ಇಲ್ಲ ಅಮ್ಮ."

ಅವನ ದನಿಯಲ್ಲಿ ಕಪಟವಿರಲಿಲ್ಲ. ಒಂದು ಲೆಕ್ಕ ಸರಿಹೋಯಿತು ಎಂಬ ನೆಮ್ಮದಿಯಿತ್ತು. ಪಾಪಮ್ಮನಿಗೆ ಅದೇ ಸಹಿಸಲಾಗಲಿಲ್ಲ. ಅವಳು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಜುಲೈ ಕೊನೆಗೆ ಮಳೆ ಹಿಡಿಯಿತು. ಪವರ್ ಕಟ್ ಕಡಿಮೆಯಾಗಿ ನಿಂತೇಹೋಯಿತು. ಜನರೇಟರ್ ಟಾರ್ಪಾಲು ಹೊದ್ದು ಆ ಕೋಣೆಯಲ್ಲಿ ಕೂತಿತು. ಗೂಳಪ್ಪನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಅಂಗಡಿಗೆ ಬೈಂಡಿಂಗ್ ವೈರು ಕೊಳ್ಳಲು ಬಂದವನು, ಅವರು ಸುಮನಹಳ್ಳಿ ಹತ್ತಿರ ರಿಂಗ್ ರೋಡ್ ಪಕ್ಕ ಇದ್ದಾರೆ ಎಂದು ಹೇಳಿದ್ದ. ಮೋಹನ್ ಕುಮಾರ್ ಮನೆಯಲ್ಲಿ ಆ ಮಾತು ಎತ್ತಲಿಲ್ಲ. ಆ ದಿನ ಅಂಗಡಿಯಲ್ಲೇ ಇದ್ದ ಕವನಾ ಅತ್ತೆಗೆ ಹೇಳಿದಳು.

ಪಾಪಮ್ಮ ಯಾರಿಗೂ ತಿಳಿಸದೆ ಬಸ್ಸು ಹತ್ತಿದಳು. ರಸ್ತೆಗೆ ಅಂಟಿಕೊಂಡ ಶೆಡ್ಡುಗಳ ಸಾಲಿನಲ್ಲಿ ಕೇಳಿಕೊಂಡು ಹೋದಾಗ ಶಂಕ್ರವ್ವ ಬಕೆಟ್ಟಿನಲ್ಲಿ ನೀರು ತರುತ್ತಿದ್ದಳು. ಲಾರಿಗಳು ಬಾಗಿಲ ಮುಂದೆಯೇ ಹಾಯುತ್ತಿದ್ದವು. ಮಾತು ಕೇಳಬೇಕಾದರೆ ಲಾರಿ ಹೋಗುವವರೆಗೂ ಕಾಯಬೇಕಿತ್ತು.

"ಕೂಸೆಲ್ಲೇ?"

"ಊರಾಗ ಬಿಟ್ಟು ಬಂದೇನ್ರೀ, ನಮ್ಮವ್ವನ ಹಂತ್ಯಾಕ. ಇಲ್ಲಿ ಇಟಗೊಳ್ಳಾಕ ಆಗಲಿಲ್ಲ."

"ಅಲ್ಲಿ ಗಾಳಿ ಚೆನ್ನಾಗಿದ್ಯಾ?"

ಶಂಕ್ರವ್ವ ಬಕೆಟ್ಟು ಇಳಿಸಿದಳು. "ಎಲ್ಲೀದ್ರೀ ಅವ್ವಾರ. ನಮ್ಮೂರ ಬಾಜೂಕ ಕಲ್ಲಿದ್ದಲ ಸುಟ್ಟು ಕರೆಂಟ್ ಮಾಡ್ತಾರ. ಬೂದಿ ಬಂದು ರೊಟ್ಟಿ ಮ್ಯಾಗ ಬೀಳತದ. ಬೆಂಗಳೂರಿಗೆ ಬರೋ ಕರೆಂಟ್ ಅಲ್ಲಿಂದನ ಬರತದಂತ. ಆದರ ಅಲ್ಲಿ ನಮ್ಮವ್ವ ಅದಾಳ, ಹೊತ್ತಿಗೆ ಸರಿಯಾಗಿ ನೋಡಕೋತಾಳ."

ಪಾಪಮ್ಮ ತಂದಿದ್ದ ಬಿಸ್ಕತ್ತಿನ ಪೊಟ್ಟಣ, ಮಗುವಿನ ಫ್ರಾಕು ಅವಳ ಕೈಗಿಟ್ಟಳು. ಶಂಕ್ರವ್ವ ಚಾ ಮಾಡುತ್ತೇನೆಂದಳು. ಪಾಪಮ್ಮನಿಗೆ ಆಗಲೇ ಎದೆ ಬಿಗಿಯುತ್ತಿತ್ತು. ಬೇಡವೆಂದು ಹೊರಟಳು.

ಮನೆ ಮುಟ್ಟಿದಾಗ ಸಂಜೆಯಾಗಿತ್ತು. ಮೋಹನ್ ಕುಮಾರ್ ಗೇಟಿನಲ್ಲೇ ಕಾಯುತ್ತಿದ್ದ. ಅವಳ ಉಸಿರು ಕೇಳಿಯೇ ಓಡಿಬಂದು ತೋಳು ಹಿಡಿದುಕೊಂಡ. "ಬಸ್ಸಲ್ಲಿ ಯಾಕ್ ಹೋದೆ? ಹೇಳಿದ್ರೆ ಕಾರಲ್ಲಿ ಕರ್ಕೊಂಡ್ ಹೋಗ್ತಿರ್ಲಿಲ್ವಾ?"

ಅವಳು ಮೆಟ್ಟಿಲ ಮೇಲೆ ಕೂತು, ಕಂಡದ್ದನ್ನೂ ಕೇಳಿದ್ದನ್ನೂ ಬಿಡಿಸಿ ಬಿಡಿಸಿ ಹೇಳಿದಳು. ಅವನು ಕೊನೆಯವರೆಗೂ ಕೇಳಿದ. ಅವಳ ಬೆನ್ನು ಉಜ್ಜುತ್ತಲೇ ಇದ್ದ.

"ನಾನೇನ್ ತಪ್ಪು ಮಾಡ್ದೆ ಅಮ್ಮ? ನಿನ್ ಉಸಿರಿಗೆ ತಾನೇ ಇಷ್ಟೆಲ್ಲ ಮಾಡಿದ್ದು."

ಅವನು ಹೇಳಿದ್ದು ನಿಜವಾಗಿತ್ತು; ಪಾಪಮ್ಮನಿಗೆ ಭಾರವಾದದ್ದೂ ಅದೇ. ಬೆನ್ನ ಮೇಲಿದ್ದ ಅವನ ಕೈಯನ್ನು ಮೆಲ್ಲಗೆ ತೆಗೆದಿಟ್ಟು, ಗೋಡೆ ಹಿಡಿದು ಎದ್ದು ಒಳಗೆ ಹೋದಳು. ಆಮೇಲೆ ಅವಳು ಆ ಕಾರಿನಲ್ಲಿ ಮತ್ತೆ ಕೂರಲಿಲ್ಲ. ಡಾಕ್ಟರ ಹತ್ತಿರ ಹೋಗುವುದನ್ನೂ ಬಿಟ್ಟಳು.