ಮರದ ಆಚೆ ಬದಿ

ವರ್ನಾಳ ಅಪ್ಪನ ಕಸುಬು ವರ್ಷವಿಡೀ ರೆಡ್‌ವುಡ್ ಮರ ಕಡಿಯೋದು. ಬೇಸಿಗೆಯ ರಜೆ ಸಿಕ್ಕಿತೋ, ಹೆಂಡತಿ ಮಕ್ಕಳನ್ನು ದೋಣಿಗೆ ಹತ್ತಿಸಿಕೊಂಡು ಸ್ಮಿತ್ ನದಿಯಲ್ಲಿ ಅವನು ನೋಡೋಕೆ ಹೋಗುತ್ತಿದ್ದದ್ದೂ ರೆಡ್‌ವುಡ್ ಮರಗಳನ್ನೇ. ಇಂಥ ಗಂಡನ್ನ ಎಲ್ಲಿ ಹುಡುಕಿದೆನೋ ಅಂತ ಅಮ್ಮ ಹಣೆ ಚಚ್ಚಿಕೊಳ್ಳುತ್ತಿದ್ದಳು. ಆದರೂ ಬುತ್ತಿಗೆ ಹೊಗೆಯಲ್ಲಿ ಒಣಗಿಸಿದ ಸಾಲ್ಮನ್ ಮೀನು, ಮೆಕ್ಕೆಜೋಳದ ಬ್ರೆಡ್ಡು ಕಟ್ಟದೆ ಇದ್ದವಳಲ್ಲ. ಆ ದಿನಗಳ ಸುಖ ಆಮೇಲೆ ಸಿಗಲಿಲ್ಲ ಬಿಡಿ.

ದಂಡೆಯ ತೋಪಿನಲ್ಲಿ ಒಂದು ಮರ ಅವರದೇ ಅನ್ನುವಷ್ಟು ಸಲಿಗೆ. ಈ ಬದಿ ನಿಂತರೆ ಆ ಬದಿಯವರು ಕಾಣುತ್ತಿರಲಿಲ್ಲ, ಅಷ್ಟು ದಪ್ಪ. ಅಣ್ಣ ಅರ್ಲೊ, ತಂಗಿ ವರ್ನಾ ಜಗಳವಾಡಿದರೆ ಅಪ್ಪ ಇಬ್ಬರನ್ನೂ ಎರಡು ಬದಿಗೆ ನಿಲ್ಲಿಸುವನು. ತೊಗಟೆಗೆ ಬೆನ್ನು ಕೊಟ್ಟು ಮನಸ್ಸಿನಲ್ಲಿದ್ದದ್ದನ್ನು ಹೇಳಬೇಕು. ಎದುರುತ್ತರ ಕೊಡುವ ಹಾಗಿಲ್ಲ, ದೋಣಿ ಹತ್ತಿದ ಮೇಲೆ ಆ ಮಾತು ಎತ್ತುವ ಹಾಗೂ ಇಲ್ಲ.

ಅಪ್ಪ ಸತ್ತಾಗ, ದೂರದ ಊರಿನಿಂದ ಹೊರಟಿದ್ದ ವರ್ನಾಳ ವಿಮಾನ ಹಿಮಕ್ಕೆ ಸಿಕ್ಕಿಕೊಂಡಿತ್ತು. ಅವಳು ಬರುವ ಮೊದಲೇ ಅರ್ಲೊ ಒಬ್ಬನೇ ಹೋಗಿ ಅಪ್ಪನ ಬೂದಿಯನ್ನು ನದಿಗೆ ಬಿಟ್ಟುಬಂದಿದ್ದ. ಅಲ್ಲಿಂದೀಚೆಗೆ ಎಷ್ಟೋ ವರ್ಷ ಇಬ್ಬರ ನಡುವೆ ಕ್ರಿಸ್‌ಮಸ್ಸಿನ ಶುಭಾಶಯ, ಹವಾಮಾನ, ಅಷ್ಟೇ. ಈ ಬೇಸಿಗೆ ಅವನೇ ಫೋನು ಮಾಡಿ, ಮರ ಇನ್ನೂ ನಿಂತಿದೆ, ಬರ್ತೀಯಾ ಅಂದ. ಯಾಕೆ ಕರೆದ ಅನ್ನೋದು ಅವಳಿಗೆ ತಿಳಿಯದೆ ಇರುತ್ತದೆಯೇ? ಆ ಒಂದು ಮಾತು ಕೇಳಬೇಕು ಅಂತಲೇ ಮಂಡಿನೋವು ಮರೆತು ಹೊರಟುಬಂದಳು.

ದೋಣಿಯ ಹಿಂದಿನ ಸೀಟಿಗೆ ಅವನು ಹತ್ತುವಾಗ, ದಡಿಯ, ನೀನು ಹಿಂದೆ ಕೂತರೆ ದೋಣಿಯ ಮೂತಿ ಮೇಲೆದ್ದು ನಾನು ಆಕಾಶ ನೋಡ್ತಾ ಹೋಗಬೇಕು ಅಂತ ರೇಗಿಸಿದಳು. ಹಸಿರು ನೀರು, ಮಂಜು ಕರಗಿದ ಬಿಸಿಲು, ಎಲ್ಲಾ ಹಾಗೇ ಇತ್ತು. ನೀರು ಕಮ್ಮಿ ಇದ್ದಲ್ಲಿ ಇಳಿದು ದೋಣಿ ಎಳೆದರು, ದಾರಿಯಲ್ಲಿ ಬ್ಲ್ಯಾಕ್‌ಬೆರ್ರಿ ಕಿತ್ತು ತಿಂದು ಬಾಯಿ ನೀಲಿ ಮಾಡಿಕೊಂಡರು.

ತೋಪಿಗೆ ಬಂದು ಇಬ್ಬರೂ ತಮ್ಮ ತಮ್ಮ ಬದಿಗೆ ಹೋಗಿ ನಿಂತರು. ಆಚೆಯಿಂದ ಅರ್ಲೊನ ದನಿ ಶುರುವಾಯಿತು. ವರ್ನಾ ಕಿವಿ ಮುಟ್ಟಿ ನೋಡಿಕೊಂಡಳು. ನೀರು ಬಿದ್ದೀತು ಅಂತ ಕಿವಿಯ ಮಷಿನ್ನನ್ನು ಕಾರಿನಲ್ಲೇ ಬಿಟ್ಟುಬಂದಿದ್ದಳು! ಗೊಣಗೊಣ ಅನ್ನುವುದಷ್ಟೇ ಕೇಳುತ್ತಿದೆ, ಒಂದಕ್ಷರ ತಿಳಿಯುತ್ತಿಲ್ಲ. ತೊಗಟೆಗೆ ಕಿವಿ ಒತ್ತಿದಳು. ಊಹೂಂ. ಇಷ್ಟು ವರ್ಷ ಕಾದ ಮಾತು ಮರಕ್ಕೆ ಕೇಳಿಸಿತು, ಅವಳಿಗಿಲ್ಲ.

ದನಿ ನಿಂತಿತು. ಅರ್ಲೊ ಸುತ್ತಿಕೊಂಡು ಬಂದ, ಮುಖ ಹಗುರಾಗಿತ್ತು, ಹೋಗೋಣವಾ ಎಂಬಂತೆ ದೋಣಿಯತ್ತ ಕೈ ತೋರಿಸಿದ. ಹೂಂ ಅಂದುಬಿಟ್ಟರೆ ಮುಗಿಯುತ್ತಿತ್ತು. ಅವಳಿಂದ ಆಗಲಿಲ್ಲ.

"ನಂಗೇನೂ ಕೇಳಿಸ್ಲಿಲ್ಲ ಕಣೋ. ಕಿವಿದು ಕಾರಲ್ಲಿದೆ. ಇಲ್ಲೇ, ನನ್ನ ಮುಖ ನೋಡ್ಕೊಂಡು ಹೇಳು."

ಅವನು ಪೆಚ್ಚಾದ. ಮರದ ಕಡೆ ನೋಡಿದ, ನೆಲ ನೋಡಿದ. ಕೊನೆಗೆ ಅವಳ ಕಿವಿಯ ಹತ್ತಿರ ಬಗ್ಗಿ ಗಟ್ಟಿಯಾಗಿ ಹೇಳಿದ.

"ನೀನು ಬಂದ್ರೆ ಎಲ್ಲರೆದುರು ಅತ್ತುಬಿಡ್ತೀನಿ ಅಂತ ಹೆದರ್ಕೊಂಡೆ. ಅದಕ್ಕೇ ಒಬ್ನೇ ಹೋದೆ. ಕಾಯ್ಬೇಕಿತ್ತು ಕಣೆ. ತಪ್ಪಾಯ್ತು."

ಇದಾ ಕಾರಣ! ಅವಳಿಗೆ ಸಿಟ್ಟೂ ಬಂತು, ಕರುಳೂ ಚುರುಕ್ಕೆಂದಿತು.

"ಹಾಗಾದ್ರೆ ಈಗ ಅಳು," ಅಂದಳು. "ನಾನು ಬಂದಿದೀನಲ್ಲ."

ಮುದುಕ ಅವಳ ಹೆಗಲಿಗೆ ತಲೆಯಿಟ್ಟು ಅತ್ತ. ಮರ ನೋಡಲು ಬಂದ ಜನ ದಾರಿ ಬಿಟ್ಟು ಸುತ್ತಿಹೋದರು.